ವಿವಾಹಪೂರ್ವ ಸಂಬಂಧಗಳು: ಭಾರತದ ಯುವಜನರಲ್ಲಿ ಬದಲಾಗುತ್ತಿರುವ ಲೈಂಗಿಕ ನೀತಿ

ಮದುವೆಯ ಉದ್ದೇಶವಿಲ್ಲದೆ, ಅಥವಾ ಮದುವೆಯ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು, ಪ್ರಾಪ್ತವಯಸ್ಕರಾದ ಇಬ್ಬರು ಸ್ವಇಚ್ಛೆಯಿಂದ ಬೆಳೆಸಿಕೊಳ್ಳುವ ಪ್ರೇಮ ಅಥವಾ ದೇಹಸಂಬಂಧವನ್ನು ಬದ್ಧತೆಯಿಲ್ಲದ ಸಂಬಂಧವೆಂದು ಕರೆಯಬಹುದು. ಇದು ಒಂದೇ ಬಗೆಯದಲ್ಲ. ಪರಸ್ಪರ ಅರಿತುಕೊಳ್ಳಲು ಕೆಲಕಾಲ ಜೊತೆಯಾಗಿ ಓಡಾಡುವ ಡೇಟಿಂಗ್, ಮುಂದಿನ ಭೇಟಿಯ ಭರವಸೆಯೂ ಇಲ್ಲದ ಹುಕ್‌ಅಪ್, ಪ್ರೇಮವೆಂದೂ ಸ್ನೇಹವೆಂದೂ ಹೆಸರಿಡದೆ ಮುಂದುವರಿಯುವ ಸಿಚುವೇಶನ್‌ಶಿಪ್, ಮದುವೆಯಾಗದೆ ಒಂದೇ ಮನೆಯಲ್ಲಿ ಸಂಸಾರ ಹೂಡುವ ಲಿವ್-ಇನ್ ಅಥವಾ ಸಹಜೀವನ, ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಭಾರತದ ನಗರಗಳ ಯುವಜನರು ಈ ಇಂಗ್ಲಿಷ್ ಪದಗಳನ್ನೇ ತಮ್ಮ ತಮ್ಮ ಭಾಷೆಗಳ ನಡುವೆ ಬಳಸುತ್ತಾರೆ. ಪದಗಳು ಹೊಸವಾದರೂ ಅವು ಸೂಚಿಸುವ ನಡತೆಯೆಲ್ಲ ಹೊಸದಲ್ಲ, ಮತ್ತು ಈ ನಡತೆಯನ್ನು ಪಶ್ಚಿಮದಿಂದ ಬಂದ ಸೋಂಕೆಂದು ಬಗೆಯುವ ವಾಡಿಕೆಗೆ ಇತಿಹಾಸದ ಆಧಾರ ಬಹಳ ಕಡಿಮೆ.

ಲೈಂಗಿಕ ನೀತಿಯೆಂದರೆ ಯಾರು, ಯಾರೊಡನೆ, ಯಾವ ವಯಸ್ಸಿನಲ್ಲಿ, ಯಾವ ಷರತ್ತಿನ ಮೇಲೆ ದೇಹಸಂಬಂಧ ಹೊಂದಬಹುದೆಂಬುದರ ಬಗ್ಗೆ ಒಂದು ಸಮಾಜದಲ್ಲಿ ಬಳಕೆಯಲ್ಲಿರುವ ಕಟ್ಟುಪಾಡುಗಳ ಮೊತ್ತ. ಅಮೆರಿಕದ ಸಮಾಜಶಾಸ್ತ್ರಜ್ಞ ಐರಾ ರೈಸ್ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವಾಹಪೂರ್ವ ಸಂಬಂಧದ ಕುರಿತ ನಿಲುವುಗಳನ್ನು ನಾಲ್ಕಾಗಿ ವಿಂಗಡಿಸಿದನು. ಮದುವೆಗೆ ಮುನ್ನ ಇಬ್ಬರಿಗೂ ಸಲ್ಲದೆಂಬ ಸಂಯಮದ ನೀತಿ, ಗಂಡಿಗೆ ಸಲ್ಲುವುದು ಹೆಣ್ಣಿಗೆ ಸಲ್ಲದೆಂಬ ಇಬ್ಬಗೆಯ ನೀತಿ, ಪ್ರೀತಿಯಿದ್ದರೆ ಇಬ್ಬರಿಗೂ ಸಲ್ಲುವುದೆಂಬ ನೀತಿ, ಪ್ರೀತಿಯಿಲ್ಲದೆಯೂ ಸಲ್ಲುವುದೆಂಬ ನೀತಿ ಎಂಬುವೇ ಆ ನಾಲ್ಕು. ಭಾರತದ ಮಟ್ಟಿಗೆ ಬಾಯಿಮಾತಿನಲ್ಲಿ ಮೊದಲನೆಯದೂ ಆಚರಣೆಯಲ್ಲಿ ಎರಡನೆಯದೂ ಬಹುಕಾಲ ನಡೆದುಬಂದವು. ಈಚಿನ ದಶಕಗಳಲ್ಲಿ ವಿದ್ಯಾವಂತ ಯುವಜನರ ಒಂದು ಭಾಗ ಮೂರನೆಯದರತ್ತ ಸರಿದಿದೆ, ನಾಲ್ಕನೆಯದು ಇಂದಿಗೂ ಕೆಲವರದು ಮಾತ್ರ. ಆದರೆ ರೈಸ್‌ನ ವಿಂಗಡಣೆಯಲ್ಲಿ ಇಲ್ಲದ ಒಂದು ಪ್ರಶ್ನೆ ಭಾರತದಲ್ಲಿ ಉಳಿದೆಲ್ಲ ಪ್ರಶ್ನೆಗಳಿಗಿಂತ ಮುಂದೆ ನಿಲ್ಲುತ್ತದೆ. ಅದು ಜೊತೆಗಾರರ ಜಾತಿ ಯಾವುದೆಂಬ ಪ್ರಶ್ನೆ.

ಹಿನ್ನೆಲೆ

ವಸಾಹತು ಕಾಲಕ್ಕೆ ಮುನ್ನ ಉಪಖಂಡದ ಎಲ್ಲ ಸಮುದಾಯಗಳಿಗೂ ಅನ್ವಯಿಸುವ ಒಂದೇ ಲೈಂಗಿಕ ನೀತಿ ಇರಲಿಲ್ಲ. ಬಸ್ತರ್ ಪ್ರದೇಶದ ಮುರಿಯಾ ಜನರಲ್ಲಿ ಅವಿವಾಹಿತ ಹುಡುಗ ಹುಡುಗಿಯರು ರಾತ್ರಿ ಕೂಡಿ ಕಳೆಯುತ್ತಿದ್ದ ಘೋಟುಲ್ ಎಂಬ ಯುವಗೃಹದ ವ್ಯವಸ್ಥೆಯನ್ನು ವೆರಿಯರ್ ಎಲ್ವಿನ್ 1947ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದನು. ಮಲಬಾರಿನ ನಾಯರ್ ಮನೆತನಗಳಲ್ಲಿ ನಡೆಯುತ್ತಿದ್ದ ಸಂಬಂಧಂ ಎಂಬ ಕೂಡಿಕೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ ಮುರಿಯಬಹುದಾಗಿತ್ತು, ಮತ್ತು ಅದರಿಂದ ಹುಟ್ಟಿದ ಮಕ್ಕಳು ತಾಯಿಯ ತರವಾಡಿಗೆ, ಎಂದರೆ ತಾಯಿಯ ಕಡೆಯ ಕೂಡುಕುಟುಂಬಕ್ಕೆ, ಸೇರುತ್ತಿದ್ದರು. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಬಂದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳನ್ನು ತಿರುವಿದರೆ, ಹಳೆಯ ಮೈಸೂರಿನ ಹಲವು ಸಮುದಾಯಗಳಲ್ಲಿ ವಿಧವೆಯರೂ ಗಂಡನನ್ನು ಬಿಟ್ಟವರೂ ಕೂಡಿಕೆ ಅಥವಾ ಉಡಿಕೆ ಎಂಬ ಸರಳ ವಿಧಿಯಿಂದ ಮತ್ತೊಂದು ಸಂಸಾರ ಹೂಡುತ್ತಿದ್ದುದು ತಿಳಿಯುತ್ತದೆ. ಮದುವೆಗೆ ಮುನ್ನ ಬಸಿರಾದ ಹುಡುಗಿಯನ್ನು, ಅದಕ್ಕೆ ಕಾರಣನಾದವನು ಅದೇ ಕುಲದವನಾಗಿದ್ದರೆ, ಕುಲದ ಯಜಮಾನರು ದಂಡ ಹಾಕಿಸಿ ಅವನಿಗೇ ಕಟ್ಟಿಬಿಡುತ್ತಿದ್ದರೆಂಬ ವಿವರ ಈ ಸಂಪುಟಗಳಲ್ಲಿ ಒಂದಕ್ಕಿಂತ ಹೆಚ್ಚು ಸಮುದಾಯಗಳ ವಿಷಯದಲ್ಲಿ ಬರುತ್ತದೆ. ಅವನು ಬೇರೆಯ, ಅದರಲ್ಲೂ ಕೆಳಗಿನದೆಂದು ಎಣಿಸಿದ ಕುಲದವನಾಗಿದ್ದರೆ ಅವಳಿಗೆ ಬಹಿಷ್ಕಾರವೇ ಗತಿಯಾಗುತ್ತಿತ್ತು. ಕೂಟಕ್ಕೆ ಕ್ಷಮೆಯಿದ್ದು ಕುಲದ ಗಡಿ ದಾಟಿದ್ದಕ್ಕೆ ಕ್ಷಮೆಯಿರಲಿಲ್ಲವೆಂಬ ಈ ಅಂಶ ಇಂದಿನ ಪರಿಸ್ಥಿತಿಯನ್ನು ಅರಿಯಲೂ ಬೇಕಾಗುತ್ತದೆ. ಜಾತಿಯ ಸಾರ ಒಳಬಾಂಧವ್ಯ ವಿವಾಹದಲ್ಲಿ, ಎಂದರೆ ಜಾತಿಯೊಳಗೇ ನಡೆಯುವ ಮದುವೆಯಲ್ಲಿದೆ, ಆ ವಿವಾಹವನ್ನು ಉಳಿಸಿಕೊಳ್ಳಲು ಹೆಣ್ಣಿನ ಮೇಲೆ ಕಟ್ಟಳೆ ಹೇರುವುದು ಅನಿವಾರ್ಯವಾಗುತ್ತದೆ ಎಂದು ಬಿ. ಆರ್. ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ವಾದಿಸಿದ್ದರು.

ಹತ್ತೊಂಬತ್ತನೆಯ ಶತಮಾನದ ಸುಧಾರಣೆ ಈ ವೈವಿಧ್ಯವನ್ನು ಕ್ರಮೇಣ ತಗ್ಗಿಸಿತು. ಮೇಲ್ಜಾತಿಗಳ ಗೃಹಧರ್ಮವೇ ಗೌರವಸ್ಥರ ಲಕ್ಷಣವೆಂಬ ಭಾವನೆ ಇತರ ಸಮುದಾಯಗಳಲ್ಲೂ ಹಬ್ಬಿ, ಕೂಡಿಕೆಯಂಥ ಪದ್ಧತಿಗಳು ನಾಚಿಕೆಯ ವಿಷಯವಾದವು. ಇನ್ನೊಂದು ಕಡೆ ಅದೇ ಸುಧಾರಣೆ ಬಾಲ್ಯವಿವಾಹದ ವಿರುದ್ಧ ಹೋರಾಡಿ, ಮದುವೆಗೂ ದೇಹಸಂಬಂಧಕ್ಕೂ ವಯಸ್ಸಿನ ಮಿತಿ ಇರಬೇಕೆಂಬ ತತ್ತ್ವವನ್ನು ಕಾನೂನಿನೊಳಗೆ ತಂದಿತು. ಸಮ್ಮತಿಯ ವಯಸ್ಸನ್ನು, ಎಂದರೆ ಹೆಣ್ಣಿನ ಒಪ್ಪಿಗೆಗೆ ಕಾನೂನು ಬೆಲೆಕೊಡುವ ಕನಿಷ್ಠ ವಯಸ್ಸನ್ನು, 1860ರ ದಂಡಸಂಹಿತೆ 10 ಎಂದು ನಿಗದಿಪಡಿಸಿತ್ತು. 1891ರಲ್ಲಿ ಭಾರೀ ವಿರೋಧದ ನಡುವೆ ಅದನ್ನು 12ಕ್ಕೆ ಏರಿಸಲಾಯಿತು. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯುವ ತನ್ನದೇ ಕಟ್ಟಳೆಯನ್ನು ಜಾರಿಗೆ ತಂದು, ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ ಹದಿನಾಲ್ಕು ವರ್ಷದೊಳಗಿನ ಹುಡುಗಿಯನ್ನು ಐವತ್ತು ದಾಟಿದ ಗಂಡಸು ಮದುವೆಯಾಗುವುದನ್ನೂ ನಿಷೇಧಿಸಿತು. 1929ರ ಶಾರದಾ ಕಾಯಿದೆ ಹುಡುಗಿಯ ವಿವಾಹದ ವಯಸ್ಸನ್ನು 14ಕ್ಕೆ ನಿಲ್ಲಿಸಿತು, 1978ರ ತಿದ್ದುಪಡಿ 18ಕ್ಕೆ ಏರಿಸಿತು.

ಬದಲಾವಣೆಯ ಕಾರಣಗಳು

ಮೈನೆರೆದ ವರ್ಷದಲ್ಲೇ ಅಥವಾ ಅದಕ್ಕೂ ಮೊದಲೇ ಮದುವೆ ಮುಗಿದುಹೋಗುತ್ತಿದ್ದ ಸಮಾಜದಲ್ಲಿ ವಿವಾಹಪೂರ್ವ ಸಂಬಂಧವೆಂಬುದಕ್ಕೆ ಕಾಲಾವಕಾಶವೇ ಇರಲಿಲ್ಲ. ಇಂದು ಪ್ರೌಢತನಕ್ಕೂ ಮದುವೆಗೂ ನಡುವೆ ಹತ್ತು ಹದಿನೈದು ವರ್ಷಗಳ ಅಂತರ ಸಾಮಾನ್ಯವಾಗುತ್ತಿದೆ, ಮತ್ತು ಎಲ್ಲ ಕಾರಣಗಳಿಗೂ ಮೂಲವಾದ ಕಾರಣ ಇದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರ ಪ್ರಮಾಣ 2005–06ರಲ್ಲಿ ಶೇ. 47ರಷ್ಟಿದ್ದುದು 2019–21ರ ಹೊತ್ತಿಗೆ ಶೇ. 23ಕ್ಕೆ ಇಳಿದಿತ್ತು, ಕರ್ನಾಟಕದಲ್ಲಿ ಅದು ಶೇ. 21ರಷ್ಟಿತ್ತು. ಹೆಣ್ಣುಮಕ್ಕಳು ಕಾಲೇಜು ಮುಗಿಸಿ ಕೆಲಸಕ್ಕೆಂದು ಊರು ಬಿಟ್ಟರು. ಬೆಂಗಳೂರು, ಪುಣೆ, ಹೈದರಾಬಾದುಗಳ ಪಿಜಿಗಳಲ್ಲಿ, ಹಾಸ್ಟೆಲುಗಳಲ್ಲಿ, ಹಂಚಿಕೊಂಡ ಬಾಡಿಗೆ ಮನೆಗಳಲ್ಲಿ ನೆಲೆಸಿದ ಈ ಪೀಳಿಗೆಗೆ ಸ್ವಂತ ಸಂಬಳವಿದೆ, ಸದಾ ಕಣ್ಣಿಟ್ಟು ಕಾಯುವ ಮನೆಯವರಿಲ್ಲ. ಸಾಫ್ಟ್‌ವೇರ್ ನೌಕರರ ಬದುಕನ್ನಷ್ಟೇ ನೋಡಿ ಈ ಬದಲಾವಣೆಯನ್ನು ಬಣ್ಣಿಸುವುದು ರೂಢಿಯಾಗಿದ್ದರೂ, ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದಲೂ ಒಡಿಶಾ, ಜಾರ್ಖಂಡ್‌ಗಳಿಂದಲೂ ಬಂದ ಹುಡುಗಿಯರು ಇದೇ ಪಲ್ಲಟವನ್ನು ಹೆಚ್ಚು ಬಿಗಿಯಾದ ಹಾಸ್ಟೆಲ್ ನಿಯಮಗಳ ನಡುವೆ, ಕಡಿಮೆ ಸಂಬಳದಲ್ಲಿ ಅನುಭವಿಸುತ್ತಿದ್ದಾರೆ.

ಮೊಬೈಲ್ ಫೋನ್ ಇನ್ನೊಂದು ದಾರಿಯನ್ನು ತೆರೆಯಿತು. ಮನೆಯ ನಡುಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಇದ್ದ ದೂರವಾಣಿಯ ಜಾಗದಲ್ಲಿ ಪ್ರತಿಯೊಬ್ಬರ ಕೈಗೂ ಒಂದು ಖಾಸಗಿ ಸಾಧನ ಬಂದಿತು. ಅಮೆರಿಕದಲ್ಲಿ 2012ರಲ್ಲಿ ಆರಂಭವಾದ ಟಿಂಡರ್ ಮತ್ತು ಭಾರತದಲ್ಲೇ 2014ರಲ್ಲಿ ಹುಟ್ಟಿದ ಟ್ರೂಲಿಮ್ಯಾಡ್ಲಿಯಂಥ ಡೇಟಿಂಗ್ ಆ್ಯಪ್‌ಗಳು ಪರಿಚಯದ ವಲಯಕ್ಕೆ ಹೊರಗಿನವರನ್ನು ಭೇಟಿಯಾಗುವ ಅವಕಾಶವನ್ನು ಕಲ್ಪಿಸಿದವು. ಆದರೂ ಜಾತಿ ಉಪಜಾತಿಗಳನ್ನು ಸೋಸಿ ಕೊಡುವ ವಧೂವರರ ಜಾಲತಾಣಗಳು ಇವುಗಳ ಮಗ್ಗುಲಲ್ಲೇ ಬೆಳೆದಿವೆ, ಅನೇಕರು ಡೇಟಿಂಗ್‌ಗೆ ಒಂದನ್ನೂ ಮದುವೆಗೆ ಇನ್ನೊಂದನ್ನೂ ಬಳಸುತ್ತಾರೆ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರಜಾತಿ ವಿವಾಹಗಳ ಪ್ರಮಾಣ ಶೇ. 5ರ ಆಸುಪಾಸಿನಲ್ಲಿತ್ತು. ಪ್ರೀತಿಯ ವಲಯ ಹಿಗ್ಗಿದಷ್ಟು ಮದುವೆಯ ವಲಯ ಹಿಗ್ಗಲಿಲ್ಲವಾದ್ದರಿಂದ, ಬದ್ಧತೆಯಿಲ್ಲದ ಸಂಬಂಧಗಳೆಂದು ಹೊರಗಿನವರಿಗೆ ಕಾಣುವ ಎಷ್ಟೋ ಸಂಬಂಧಗಳು ನಿಜಕ್ಕೂ ಬದ್ಧತೆಗೆ ಮನೆಯವರು ಅವಕಾಶ ಕೊಡದೆ ಮುರಿದುಬಿದ್ದ ಸಂಬಂಧಗಳಾಗಿರುತ್ತವೆ.

ಗರ್ಭನಿರೋಧದ ಇತಿಹಾಸವೂ ಇದರೊಡನೆ ಹೆಣೆದುಕೊಂಡಿದೆ. ಮುಂಬಯಿಯಲ್ಲಿ 1921ರಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದು, 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೂ ಸಮಾಜ ಸ್ವಾಸ್ಥ್ಯ ಎಂಬ ಮರಾಠಿ ಪತ್ರಿಕೆ ನಡೆಸಿದ ರ. ಧೋಂ. ಕರ್ವೆ ಅವರು ಹೆಣ್ಣಿಗೂ ಕಾಮಸುಖದ ಹಕ್ಕಿದೆಯೆಂದು ಬರೆದು ಅಶ್ಲೀಲತೆಯ ಆರೋಪದ ಮೇಲೆ ನ್ಯಾಯಾಲಯಗಳಿಗೆ ಅಲೆದರು. ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಿತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಜಗತ್ತಿನಲ್ಲೇ ಮೊದಲಿನವು ಇವೆಂದು ಹೇಳಲಾಗುತ್ತದೆ. 1968ರಲ್ಲಿ ಬಂದ ನಿರೋಧ್ ಕಾಂಡೋಮ್ ಸೇರಿದಂತೆ ಸ್ವತಂತ್ರ ಭಾರತದ ಕುಟುಂಬ ಯೋಜನೆಯೆಲ್ಲ ವಿವಾಹಿತ ದಂಪತಿಯನ್ನೇ ಗುರಿಯಾಗಿಟ್ಟುಕೊಂಡಿತ್ತು, ಅವಿವಾಹಿತರು ಅದರ ಲೆಕ್ಕದಲ್ಲೇ ಇರಲಿಲ್ಲ. ಸಂಭೋಗದ ನಂತರ 72 ಗಂಟೆಗಳೊಳಗೆ ಸೇವಿಸಬೇಕಾದ ತುರ್ತು ಗರ್ಭನಿರೋಧಕ ಮಾತ್ರೆ 2005ರಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುವಂತಾಗಿ, 2007ರಲ್ಲಿ ಐ-ಪಿಲ್ ಎಂಬ ಹೆಸರಿನಲ್ಲಿ ದೂರದರ್ಶನದ ಜಾಹೀರಾತುಗಳಲ್ಲಿ ಕಾಣಿಸಿಕೊಂಡ ಮೇಲೆ, ಮೊದಲ ಬಾರಿಗೆ ಯಾರ ಮುಂದೆಯೂ ಮದುವೆಯಾಗಿದೆಯೇ ಇಲ್ಲವೇ ಎಂದು ಹೇಳಿಕೊಳ್ಳದೆ ಬಳಸಬಹುದಾದ ಸಾಧನವೊಂದು ಹೆಣ್ಣುಮಕ್ಕಳ ಕೈಗೆ ಬಂದಿತು. ಆದರೆ ಈ ಮಾತ್ರೆ ಎಚ್‌ಐವಿಯನ್ನಾಗಲಿ ಇತರ ಲೈಂಗಿಕ ಸೋಂಕುಗಳನ್ನಾಗಲಿ ತಡೆಯದು. ಅದನ್ನೇ ನಿತ್ಯದ ಉಪಾಯವಾಗಿ ನೆಚ್ಚಿ ಕಾಂಡೋಮ್ ಬಿಡುವ ಗಂಡಸರಿಂದ ಅಪಾಯದ ಹೊರೆಯೆಲ್ಲ ಹೆಣ್ಣಿನ ದೇಹದ ಮೇಲೆ ಬೀಳುತ್ತದೆ.

ವ್ಯಾಪ್ತಿ

ಈ ವಿಷಯದಲ್ಲಿ ಸಿಗುವ ಅಂಕಿಅಂಶಗಳನ್ನು ಎಚ್ಚರದಿಂದ ಓದಬೇಕು. ಮನೆಯ ಅಂಗಳದಲ್ಲಿ ಅಪರಿಚಿತರು ಕೇಳುವ ಇಂಥ ಪ್ರಶ್ನೆಗೆ ಹುಡುಗರು ಇದ್ದುದಕ್ಕಿಂತ ಹೆಚ್ಚಾಗಿಯೂ ಹುಡುಗಿಯರು ಕಡಿಮೆಯಾಗಿಯೂ ಹೇಳುವ ಸಂಭವವಿದೆ. ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯೂ ಪಾಪ್ಯುಲೇಷನ್ ಕೌನ್ಸಿಲ್ ಕೂಡ 2006–07ರಲ್ಲಿ ಆಂಧ್ರಪ್ರದೇಶ, ಬಿಹಾರ, ಜಾರ್ಖಂಡ್, ಮಹಾರಾಷ್ಟ್ರ, ರಾಜಸ್ಥಾನ, ತಮಿಳುನಾಡುಗಳಲ್ಲಿ ನಡೆಸಿದ ಯುವಜನ ಸಮೀಕ್ಷೆ ಈ ದೃಷ್ಟಿಯಿಂದ ದೊಡ್ಡ ಪ್ರಯತ್ನ. ಅದರಲ್ಲಿ ಯುವಕರಲ್ಲಿ ಶೇ. 15ರಷ್ಟು, ಯುವತಿಯರಲ್ಲಿ ಶೇ. 4ರಷ್ಟು ಮಂದಿ ವಿವಾಹಪೂರ್ವ ಸಂಬಂಧವನ್ನು ಒಪ್ಪಿಕೊಂಡರು. ನಗರದವರಿಗಿಂತ ಹಳ್ಳಿಯವರಲ್ಲೇ ಈ ಪ್ರಮಾಣ ಹೆಚ್ಚಾಗಿದ್ದುದು ಸಮೀಕ್ಷೆಯ ಬಹುಮುಖ್ಯ ಫಲಿತಾಂಶವೆನ್ನಬೇಕು, ಏಕೆಂದರೆ ನಗರ, ಇಂಗ್ಲಿಷ್ ಶಿಕ್ಷಣ, ಸಿನಿಮಾಗಳೇ ಎಲ್ಲಕ್ಕೂ ಕಾರಣವೆಂಬ ನಂಬಿಕೆಯನ್ನು ಅದು ಬುಡದಿಂದಲೇ ಅಲುಗಿಸುತ್ತದೆ. ಹೊಲದ ಬದಿಯಲ್ಲಿ, ಜಾತ್ರೆಯ ಜನಜಂಗುಳಿಯಲ್ಲಿ, ಸಂಬಂಧಿಕರ ಮನೆಗಳಲ್ಲಿ ಹಿಂದಿನಿಂದಲೂ ನಡೆದುಕೊಂಡು ಬಂದದ್ದಕ್ಕೆ ಹೆಸರಿರಲಿಲ್ಲ, ಅಷ್ಟೇ.

ಅಭಿಪ್ರಾಯಗಳು ನಡತೆಗಿಂತಲೂ ನಿಧಾನವಾಗಿ ಬದಲಾಗುತ್ತಿವೆ. ಲೋಕನೀತಿ–ಸಿಎಸ್‌ಡಿಎಸ್ ಸಂಸ್ಥೆ 2016ರಲ್ಲಿ ನಡೆಸಿದ ಯುವಜನ ಸಮೀಕ್ಷೆಯಲ್ಲಿ ಮದುವೆಯಾಗದೆ ಒಟ್ಟಿಗೆ ಬಾಳುವುದನ್ನು ಬಹುಪಾಲು ಯುವಜನರು ಒಪ್ಪಲಿಲ್ಲ. ತಮ್ಮ ವಿಷಯದಲ್ಲಿ ಸಡಿಲವಾಗಿಯೂ ತಂಗಿಯ ವಿಷಯದಲ್ಲಿ ಬಿಗಿಯಾಗಿಯೂ ಇರುವ ಯುವಕರಲ್ಲಿ ಇಬ್ಬಗೆಯ ನೀತಿ ಸುಲಭವಾಗಿ ಮುಂದುವರಿಯುತ್ತದೆ. ಹುಡುಗಿಯರ ಪಾಲಿಗೆ ಅದರ ಫಲ ಗುಟ್ಟು. ಗುಟ್ಟಾಗಿ ಇಡಬೇಕಾದ ಸಂಬಂಧದಲ್ಲಿ ಹಿಂಸೆಯಾದರೆ ಯಾರಿಗೂ ಹೇಳುವಂತಿಲ್ಲ, ಜೊತೆಗಾರ ಖಾಸಗಿ ಚಿತ್ರಗಳನ್ನು ಮುಂದಿಟ್ಟುಕೊಂಡು ಬೆದರಿಸಿದರೆ ಮನೆಯವರ ನೆರವು ಕೇಳುವಂತಿಲ್ಲ, ಬಸಿರಾದರೆ ಊರಿನ ಪರಿಚಿತ ವೈದ್ಯರ ಬಳಿಗೆ ಹೋಗುವಂತಿಲ್ಲ. ವಿವಾಹಪೂರ್ವ ಸಂಬಂಧದಿಂದ ಹೆಣ್ಣುಮಕ್ಕಳಿಗೆ ಆಗುವ ಕೇಡೆಂದು ಹಿರಿಯರು ಎಣಿಸುವ ಬಹುತೇಕ ಕೇಡುಗಳು ಈ ಗುಟ್ಟಿನಿಂದಲೇ ಹುಟ್ಟುತ್ತವೆ, ಆ ಗುಟ್ಟನ್ನು ಅನಿವಾರ್ಯಗೊಳಿಸುವವರು ಬಹುಮಟ್ಟಿಗೆ ಆ ಹಿರಿಯರೇ ಆಗಿರುತ್ತಾರೆ.

ಕಾನೂನು

ಒಟ್ಟಾರೆಯಾಗಿ ನೋಡಿದರೆ ಭಾರತದ ಕಾನೂನು ಎರಡು ದಶಕಗಳಲ್ಲಿ ವಿವಾಹದಿಂದ ಸಮ್ಮತಿಯ ಕಡೆಗೆ ಸಾಗಿಬಂದಿದೆ. ಚಿತ್ರನಟಿ ಖುಷ್ಬೂ ಅವರು ವಿವಾಹಪೂರ್ವ ಸಂಬಂಧದ ಬಗ್ಗೆ 2005ರಲ್ಲಿ ಪತ್ರಿಕೆಗೆ ನೀಡಿದ ಹೇಳಿಕೆಗಾಗಿ ತಮಿಳುನಾಡಿನ ಬೇರೆ ಬೇರೆ ಊರುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದೂರುಗಳು ದಾಖಲಾದಾಗ, ಸುಪ್ರೀಂ ಕೋರ್ಟ್ 2010ರ ಏಪ್ರಿಲ್‌ನಲ್ಲಿ ಅವೆಲ್ಲವನ್ನೂ ರದ್ದುಪಡಿಸಿ, ಪ್ರಾಪ್ತವಯಸ್ಕರು ಒಪ್ಪಿ ನಡೆಸುವ ಸಹಜೀವನ ಸಮಾಜದ ಕೆಲವರಿಗೆ ಅನೈತಿಕವಾಗಿ ಕಂಡರೂ ಅಪರಾಧವಾಗದೆಂದು ಸ್ಪಷ್ಟಪಡಿಸಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ ವಿವಾಹದ ಸ್ವರೂಪದ ಸಂಬಂಧ ಎಂಬ ಹೊಸ ಪರಿಕಲ್ಪನೆಯನ್ನು ಆಗಲೇ ಒಳಗೊಂಡಿತ್ತು. 2010ರ ಅಕ್ಟೋಬರ್‌ನಲ್ಲಿ ವೇಲುಸಾಮಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದಂಪತಿಗಳೆಂದು ಲೋಕದೆದುರು ಕಾಣಿಸಿಕೊಂಡು ಗಣನೀಯ ಕಾಲ ಒಟ್ಟಿಗೆ ಬಾಳಿದವರಿಗೆ ಮಾತ್ರ ಆ ರಕ್ಷಣೆ ಸಲ್ಲುತ್ತದೆ, ವಾರಾಂತ್ಯದ ಕೂಟಗಳಿಗೂ ಒಂದು ರಾತ್ರಿಯ ಸಂಬಂಧಕ್ಕೂ ಸಲ್ಲದು ಎಂದು ಗೆರೆ ಎಳೆಯಿತು. ಬೆಂಗಳೂರಿನ ನ್ಯಾಯಾಲಯದಲ್ಲಿ ಆರಂಭವಾಗಿ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದ ಇಂದ್ರಾ ಶರ್ಮಾ ಪ್ರಕರಣದಲ್ಲಿ, ವಿವಾಹಿತನೆಂದು ತಿಳಿದೂ ಒಬ್ಬನೊಡನೆ ಹಲವು ವರ್ಷ ಬಾಳಿದ ಮಹಿಳೆಗೆ ಕೆಳ ನ್ಯಾಯಾಲಯ ಕೊಡಿಸಿದ್ದ ಜೀವನಾಂಶ ನಿಲ್ಲಲಿಲ್ಲ. ಇಂಥ ಸಂಬಂಧಗಳು ಮುರಿದಾಗ ಬೀದಿಪಾಲಾಗುವ ಹೆಣ್ಣುಮಕ್ಕಳಿಗಾಗಿ ಸಂಸತ್ತು ಕಾನೂನು ರೂಪಿಸಲೆಂದು ನ್ಯಾಯಾಲಯ ಹೇಳಿತಷ್ಟೆ. ಸಂಬಂಧವನ್ನು ಅಪರಾಧವಲ್ಲವೆನ್ನುವುದಕ್ಕೂ ಅದರೊಳಗಿನ ದುರ್ಬಲರಿಗೆ ಆಸರೆ ಕೊಡುವುದಕ್ಕೂ ಇರುವ ಅಂತರ ಈ ತೀರ್ಪುಗಳಿಂದ ತಿಳಿಯುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ, ದಂಡಸಂಹಿತೆಯ 377ನೆಯ ಕಲಮಿನ ಭಾಗ ಬಿದ್ದುಹೋಗಲು ಆ ತೀರ್ಪು ಆಧಾರವಾಯಿತು. ಕನ್ನಡದಲ್ಲಿ ಸಲಿಂಗ ಪ್ರೇಮವನ್ನು ಮರೆಯಿಲ್ಲದೆ ಚಿತ್ರಿಸಿದ ವಸುಧೇಂದ್ರ ಅವರ ಮೋಹನಸ್ವಾಮಿ ಕಥಾಸಂಕಲನ ಅದಕ್ಕೂ ಐದು ವರ್ಷ ಮೊದಲೇ, 2013ರಲ್ಲಿ, ಪ್ರಕಟವಾಗಿತ್ತು. ಗರ್ಭಪಾತದ ಕಾನೂನಿನಲ್ಲೂ ಇಂಥದೇ ಸರಿದಾಟ ಕಾಣುತ್ತದೆ. 1971ರ ಕಾಯಿದೆ ಗರ್ಭನಿರೋಧಕದ ವೈಫಲ್ಯವನ್ನು ವಿವಾಹಿತೆಯ ವಿಷಯದಲ್ಲಿ ಮಾತ್ರ ಕಾರಣವಾಗಿ ಒಪ್ಪಿತ್ತು. 2021ರ ತಿದ್ದುಪಡಿಯಲ್ಲಿ ಗಂಡ ಎಂಬುದರ ಜಾಗದಲ್ಲಿ ಸಂಗಾತಿ ಎಂಬ ಪದ ಬಂದಿತು, 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ 24 ವಾರಗಳವರೆಗಿನ ಗರ್ಭಪಾತದ ಸೌಲಭ್ಯ ಅವಿವಾಹಿತರಿಗೂ ದೊರೆಯಿತು. ಕಾನೂನು ಹೀಗೆ ಬದಲಾದರೂ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಗಂಡನ ಹೆಸರು ಕೇಳುವ ಅಭ್ಯಾಸ ಹೋಗಿಲ್ಲ.

ಸಮ್ಮತಿಯ ಕಾನೂನನ್ನು ಮನೆಯವರು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವ ಬಗೆ ಇನ್ನೂ ಗಂಭೀರವಾದುದು. ದೆಹಲಿಯ ಜಿಲ್ಲಾ ನ್ಯಾಯಾಲಯಗಳು 2013ರಲ್ಲಿ ಪೂರ್ಣ ವಿಚಾರಣೆ ನಡೆಸಿ ತೀರ್ಪಿತ್ತ 460 ಅತ್ಯಾಚಾರ ಪ್ರಕರಣಗಳನ್ನು ಪತ್ರಕರ್ತೆ ರುಕ್ಮಿಣಿ ಎಸ್. ಅವರು ಪರಿಶೀಲಿಸಿದಾಗ, ಅವುಗಳಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಪ್ರಕರಣಗಳು ಒಪ್ಪಿ ಜೊತೆಯಾದ, ಹೆಚ್ಚಾಗಿ ಮನೆ ಬಿಟ್ಟು ಓಡಿಹೋದ ಜೋಡಿಗಳ ಮೇಲೆ ಹುಡುಗಿಯ ತಂದೆತಾಯಿ ಹೂಡಿದವಾಗಿದ್ದವು, ಅನೇಕ ಜೋಡಿಗಳು ಬೇರೆ ಬೇರೆ ಜಾತಿ ಧರ್ಮಗಳವಾಗಿದ್ದವು. ಇನ್ನು ಸುಮಾರು ಕಾಲು ಪಾಲು ಮದುವೆಯ ಮಾತು ಕೊಟ್ಟು ತಪ್ಪಿದ ಆರೋಪದವು. ಹಳೆಯ ಮೈಸೂರಿನ ಕುಲಪಂಚಾಯಿತಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪೊಲೀಸ್ ಠಾಣೆಯಿಂದ ಮಾಡಿಸಿಕೊಳ್ಳಲಾಗುತ್ತಿದೆ. ಮದುವೆಯ ಮಾತಿನ ವಿಷಯದಲ್ಲಿ, ಮೊದಲಿನಿಂದಲೂ ನೆರವೇರಿಸುವ ಉದ್ದೇಶವಿಲ್ಲದೆ ಕೊಟ್ಟ ಸುಳ್ಳು ಮಾತಿಗೂ, ಪ್ರಾಮಾಣಿಕವಾಗಿ ಕೊಟ್ಟು ಆಮೇಲೆ ಉಳಿಸಿಕೊಳ್ಳಲಾಗದೆ ಹೋದ ಮಾತಿಗೂ ಸುಪ್ರೀಂ ಕೋರ್ಟ್ 2019ರಲ್ಲಿ ವ್ಯತ್ಯಾಸ ಗುರುತಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮು ಮೊದಲನೆಯದನ್ನು ಹತ್ತು ವರ್ಷಗಳವರೆಗೆ ಸಜೆಯಿರುವ ಪ್ರತ್ಯೇಕ ಅಪರಾಧವನ್ನಾಗಿಸಿದೆ. ಮೋಸಹೋದ ಹೆಣ್ಣಿಗೆ ನ್ಯಾಯ ಸಿಗಬೇಕಾದದ್ದು ನಿಜವೇ ಆದರೂ, ಹೆಣ್ಣು ದೇಹಸಂಬಂಧಕ್ಕೆ ಒಪ್ಪುವುದು ಮದುವೆಗಾಗಿ ಮಾತ್ರವೆಂಬ ಹಳೆಯ ಗ್ರಹಿಕೆ ಈ ಕಲಮಿನಲ್ಲಿ ಹಾಗೆಯೇ ಉಳಿದಿದೆ.

2025ರ ಜನವರಿ 27ರಂದು ಜಾರಿಗೆ ಬಂದ ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆ ಬೇರೊಂದು ದಾರಿ ಹಿಡಿದಿದೆ. ಸಹಜೀವನ ನಡೆಸುವ ಗಂಡು ಹೆಣ್ಣು ತಮ್ಮ ಸಂಬಂಧವನ್ನು ಒಂದು ತಿಂಗಳೊಳಗೆ ನೋಂದಾಯಿಸಬೇಕು, ತಪ್ಪಿದರೆ ಸಜೆ ಅಥವಾ ದಂಡ. ಇಬ್ಬರಲ್ಲೊಬ್ಬರು 21 ವರ್ಷದೊಳಗಿನವರಾದರೆ ತಂದೆತಾಯಿಗೆ ತಿಳಿಸಲಾಗುತ್ತದೆ. ಸಂಗಾತಿ ತೊರೆದ ಹೆಣ್ಣಿಗೆ ಜೀವನಾಂಶವನ್ನೂ ಮಕ್ಕಳಿಗೆ ಔರಸ ಸ್ಥಾನವನ್ನೂ ಇದೇ ಸಂಹಿತೆ ಕೊಡುತ್ತದೆಯೆಂಬುದನ್ನು ಮರೆಯುವಂತಿಲ್ಲ. ಆದರೆ ಮನೆಯವರಿಗೆ ಹೆದರಿ ಊರು ಬಿಟ್ಟ ಜೋಡಿಯ ಹೆಸರು ವಿಳಾಸಗಳನ್ನು ಸರ್ಕಾರವೇ ಮನೆಯವರಿಗೆ ತಲುಪಿಸುವ ಏರ್ಪಾಡಿನಲ್ಲಿ, ಮರ್ಯಾದೆಗೇಡು ಹತ್ಯೆಗಳು ನಿಂತಿರದ ನಾಡಿನಲ್ಲಿ, ಜೀವಾಪಾಯವೇ ಅಡಗಿದೆ.

ಬೀದಿಯ ಕಟ್ಟಳೆ

ಕಾನೂನು ಬಿಟ್ಟುಕೊಟ್ಟ ಜಾಗವನ್ನು ಹಲವೆಡೆ ಗುಂಪುಗಳು ವಹಿಸಿಕೊಂಡಿವೆ. ಮಂಗಳೂರಿನ ಪಬ್‌ವೊಂದರಲ್ಲಿ 2009ರ ಜನವರಿ 24ರಂದು ಯುವತಿಯರನ್ನು ಎಳೆದಾಡಿ ಹೊಡೆದ ದೃಶ್ಯಗಳು ದೇಶದ ಉದ್ದಗಲಕ್ಕೂ ಪ್ರಸಾರವಾದವು, 2012ರ ಜುಲೈನಲ್ಲಿ ಅದೇ ನಗರದ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದವರ ಮೇಲೆ ದಾಳಿ ನಡೆಯಿತು. ಪತ್ರಿಕೆಗಳು ನೈತಿಕ ಪೊಲೀಸ್‌ಗಿರಿ ಎಂದು ಕರೆಯುವ ಈ ಹಲ್ಲೆಗಳ ಗುರಿ ಬರಬರುತ್ತ ಬೇರೆ ಬೇರೆ ಧರ್ಮಗಳ ಹುಡುಗ ಹುಡುಗಿಯರು ಒಟ್ಟಿಗೆ ಬಸ್ಸಿನಲ್ಲಿ ಕೂರುವುದರವರೆಗೂ, ತಂಪುಪಾನೀಯ ಕುಡಿಯುವುದರವರೆಗೂ ವಿಸ್ತರಿಸಿತು. ಕೇರಳದಲ್ಲಿ ಇಂಥದೇ ಘಟನೆಗೆ ಪ್ರತಿಯಾಗಿ 2014ರ ನವೆಂಬರ್ 2ರಂದು ಕೊಚ್ಚಿಯಲ್ಲಿ ಯುವಜನರು ಬಹಿರಂಗವಾಗಿ ಚುಂಬಿಸಿ ಪ್ರತಿಭಟಿಸಿದರು. ದೆಹಲಿಯ ವಿದ್ಯಾರ್ಥಿನಿಯರು 2015ರಲ್ಲಿ ಆರಂಭಿಸಿದ ಪಿಂಜ್ರಾ ತೋಡ್ ಚಳವಳಿ, ಹುಡುಗರಿಗಿಲ್ಲದ ಹಾಸ್ಟೆಲ್ ಗಡುವು ಹುಡುಗಿಯರಿಗೇಕೆ ಎಂದು ಪ್ರಶ್ನಿಸಿತು.

ಹದಿಹರೆಯದವರು ಮತ್ತು ಲೈಂಗಿಕ ಶಿಕ್ಷಣ

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯಿದೆ 2012ರ ನವೆಂಬರ್ 14ರಂದು ಜಾರಿಗೆ ಬಂದಾಗ, ಅಲ್ಲಿಯವರೆಗೆ 16 ಆಗಿದ್ದ ಸಮ್ಮತಿಯ ವಯಸ್ಸು 18ಕ್ಕೆ ಏರಿತು. ಮಕ್ಕಳನ್ನು ದೊಡ್ಡವರ ದೌರ್ಜನ್ಯದಿಂದ ಕಾಪಾಡಲು ಅಗತ್ಯವಾಗಿದ್ದ ಈ ಕಾಯಿದೆ, ಹದಿನೇಳರ ಹುಡುಗಿಯನ್ನು ಪ್ರೀತಿಸಿದ ಹತ್ತೊಂಬತ್ತರ ಹುಡುಗನನ್ನೂ ಅದೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, 16 ದಾಟಿದ ಹುಡುಗಿಯರು ಪ್ರೀತಿಸಿ ಮನೆ ಬಿಟ್ಟ ಪ್ರಕರಣಗಳು ಹೆಚ್ಚುತ್ತಿರುವುದನ್ನು ಗಮನಿಸಿ, ಸಮ್ಮತಿಯ ವಯಸ್ಸನ್ನು ಕಾನೂನು ಆಯೋಗ ಮರುಪರಿಶೀಲಿಸಬೇಕೆಂದು ಹೇಳಿತು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಆಯೋಗದ 283ನೆಯ ವರದಿ ವಯಸ್ಸನ್ನು ಇಳಿಸಲು ಒಪ್ಪದೆ, 16ರಿಂದ 18ರ ನಡುವಿನವರು ಮನಸಾರೆ ಒಪ್ಪಿದ್ದು ಕಂಡುಬಂದರೆ ಶಿಕ್ಷೆಯಲ್ಲಿ ನ್ಯಾಯಾಲಯಕ್ಕೆ ವಿವೇಚನೆಯಿರಲೆಂದು ಶಿಫಾರಸು ಮಾಡಿತು.

ದೇಹದ ಬೆಳವಣಿಗೆ, ಸಮ್ಮತಿ, ಗರ್ಭನಿರೋಧ, ಸೋಂಕುಗಳ ಬಗ್ಗೆ ಈ ವಯಸ್ಸಿನವರಿಗೆ ಶಾಲೆಯಲ್ಲಿ ತಿಳಿಸುವ ವ್ಯವಸ್ಥೆ ಮಾತ್ರ ದುರ್ಬಲವಾಗಿಯೇ ಇದೆ. ಕೇಂದ್ರ ಸರ್ಕಾರ ರೂಪಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮದ ಚಿತ್ರಗಳೂ ಪಾಠಗಳೂ ಸಂಸ್ಕೃತಿಗೆ ವಿರುದ್ಧವೆಂಬ ಗದ್ದಲವೆದ್ದು, 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ಹಿಂದಿನ ಪೀಳಿಗೆಯ ಕನ್ನಡಿಗರಿಗೆ ವೈದ್ಯೆ ಹಾಗೂ ಲೇಖಕಿ ಅನುಪಮಾ ನಿರಂಜನ ಅವರ ದಾಂಪತ್ಯ ದೀಪಿಕೆಯಂಥ ಪುಸ್ತಕಗಳೂ ವಾರಪತ್ರಿಕೆಗಳ ವೈದ್ಯಕೀಯ ಪ್ರಶ್ನೋತ್ತರಗಳೂ ಈ ಕೊರತೆಯನ್ನು ಒಂದಿಷ್ಟು ತುಂಬಿದ್ದವು, ಆದರೆ ಅವು ಮದುವೆಯಾದವರನ್ನು ಅಥವಾ ಆಗಲಿರುವವರನ್ನು ಉದ್ದೇಶಿಸಿದ್ದವು. ಮದುವೆಗೆ ಇನ್ನೂ ಹತ್ತು ವರ್ಷವಿರುವ ಇಂದಿನ ಹುಡುಗ ಹುಡುಗಿಯರು ಆ ಜಾಗದಲ್ಲಿ ಮೊಬೈಲಿನ ಅಶ್ಲೀಲ ಚಿತ್ರಗಳಿಂದ ಕಲಿಯುತ್ತಿದ್ದಾರೆ. ಬೇಡವೆಂದದ್ದು ಬೇಡವೇ ಎಂಬ ಪ್ರಾಥಮಿಕ ಪಾಠ ಆ ಚಿತ್ರಗಳಲ್ಲಿ ಸಿಗುವುದಿಲ್ಲ, ಬಹುಪಾಲು ಶಾಲೆಗಳಲ್ಲೂ ಸಿಗುವುದಿಲ್ಲ.